ಒಂದೇ ಕಾಲಿನ ಮೀನಖಂಡ

ಎರಡೂ ಕಾಲು ಒಂದೇ ಅನ್ನ ತಿನ್ನುತ್ತವೆ, ಒಂದೇ ದೇಹವನ್ನು ಹೊರುತ್ತವೆ. ಹಾಗಿದ್ದಮೇಲೆ ಮೀನಖಂಡ ಒಂದಕ್ಕೆ ಮಾತ್ರ ಯಾಕೆ ತುಂಬಿಕೊಳ್ಳಬೇಕು? ಜಮಖಂಡಿಯ ಪರಮೇಶನಿಗೆ ಹಗಲೂ ರಾತ್ರಿ ಇದೇ ಯೋಚನೆ. ಮುಧೋಳದ ದೇಹದಾರ್ಢ್ಯ ಸ್ಪರ್ಧೆ ಬರುವ ಭಾನುವಾರವೇ ಇತ್ತು.

ಹೋದ ವರ್ಷ ಅದೇ ಸ್ಪರ್ಧೆಯಲ್ಲಿ ಅವನ ಮಾನ ಹೋಗಿತ್ತು. ಎದೆ, ತೋಳು ನೋಡಿ ಚಪ್ಪಾಳೆ ತಟ್ಟಿದ ಜನ, ಅವನು ಬೆನ್ನು ತಿರುಗಿಸಿದ್ದೇ ತಡ, "ಮ್ಯಾಲ ಗೂಳಿ, ಕೆಳಗ ಕೊಕ್ಕರಿ!" ಎಂದು ಕೂಗಿದ್ದರು. ಅದಕ್ಕಿಂತಲೂ ನೋವಾದದ್ದು ಅಪ್ಪ ಸಾಬಣ್ಣನ ಮಾತಿನಿಂದ. ಹುನ್ನೂರಿನಲ್ಲಿ ಇಂದಿಗೂ ಕುರಿ ಕಾಯುವ ಮುದುಕ ಆತ. ಮಗ ಸಕ್ಕರೆ ಕಾರ್ಖಾನೆಯ ನೌಕರಿಗೆ ಸೇರಿದಂದಿನಿಂದ ಮುನಿಸು. "ಕುರಿ ಬಿಟ್ಟಿ, ಕಂಬಳಿ ಬಿಟ್ಟಿ. ನಿನ್ನ ಮೈಯಾಗ ನನ್ನದು ಅನ್ನೂದು ಏನ್ ಉಳದೈತಿ ಲೇ?" ಎಂದಿದ್ದ. ಪರಮೇಶ ಪದಕ ತಂದು ಅಪ್ಪನ ಕೈಗಿಟ್ಟೇ ಉತ್ತರ ಕೊಡುತ್ತೇನೆಂದು ಹಟ ಹಿಡಿದ.

ಅಂದಿನಿಂದ ಹಿಮ್ಮಡಿ ಎತ್ತುವುದು, ಇಳಿಸುವುದು. ಜಿಮ್ಮಿನಲ್ಲಿ ಹೆಗಲ ಮೇಲೆ ಭಾರ ಹೊತ್ತು, ಬಸ್‌ಸ್ಟ್ಯಾಂಡಿನಲ್ಲಿ ಕಂಬ ಹಿಡಿದು, ಹಿತ್ತಿಲಲ್ಲಿ ಬಿದಿರಿನ ಕೋಲು ಊರಿಕೊಂಡು, ಅದೊಂದೇ ಕೆಲಸ. ಬಲಗಾಲು ತುಂಬಿ, ಗೆರೆ ಮೂಡಿ, ಕಡೆದಿಟ್ಟ ಹಾಗಾಯಿತು. ಎಡಗಾಲು ಮಾತ್ರ ಹಳೇ ಕೊಕ್ಕರೆಯೇ.

"ಬೈಕಿಗೆ ಕಿಕ್ ಹೊಡದ ಹೊಡದ ಬಲಗಾಲ ಬೆಳದೈತಿ," ಎಂದ ಜಿಮ್ಮಿನ ದಶರಥ. ಪರಮೇಶ ಮಹಾಶಯ ಎಡಗಾಲಿನಿಂದ ಕಿಕ್ ಹೊಡೆಯಲು ಹೋಗಿ ಬೈಕಿನ ಸಮೇತ ಚರಂಡಿಗೆ ಬಿದ್ದ. ಬುದ್ಧಿ ಬಂತು, ಮೀನಖಂಡ ಬರಲಿಲ್ಲ.

ಕೂಸು ಕಂಕುಳಲ್ಲೇ ಇತ್ತು, ಇವನು ಊರೆಲ್ಲ ಹುಡುಕುತ್ತಿದ್ದ. ಆ ವಾರವೇ ಒಂದು ಮುಂಜಾನೆ, ಅವನು ಕೋಲು ಹಿಡಿದು ಕಸರತ್ತಿನಲ್ಲಿದ್ದಾಗ ಹಿತ್ತಿಲಿಗೆ ಬಂದ ಹೆಂಡತಿ ಮಾಲಾ ಬಿದ್ದು ಬಿದ್ದು ನಕ್ಕಳು.

"ನಿಮ್ಮ ಎಡಗಾಲ ಎಲ್ಲೈತಿ ನೋಡ್ಕೋರಿ."

ಪರಮೇಶ ಬಗ್ಗಿ ನೋಡಿದ. ಎಡಪಾದ ಬಲಮೊಣಕಾಲಿಗೆ ಒರಗಿತ್ತು! ಏರುತ್ತ ಇಳಿಯುತ್ತ ಇದ್ದದ್ದು ಬಲಗಾಲೊಂದೇ.

"ಮಾವಾರು ಕುರಿ ಹಿಂದ ನಿಂತಂಗ ನಿಂತೀರಿ. ಕೋಲು ಹಿಡದ್ರ ಸಾಕು, ದಿನಾ ಹಿಂಗ ನಿಲ್ತೀರಿ. ಇದೂ ಒಂದು ಕಸರತ್ತಂತ ತಿಳಕೊಂಡಿದ್ದೆ," ಎಂದಳು.

ಖರೆ. ಅಪ್ಪ ಕೋಲಿಗೆ ಮೈಯೊರಗಿಸಿ, ಒಂಟಿಗಾಲಲ್ಲಿ ಮಧ್ಯಾಹ್ನವೆಲ್ಲ ನಿಲ್ಲುತ್ತಿದ್ದ. ಹುಡುಗನಾಗಿದ್ದಾಗ ಪಕ್ಕದಲ್ಲಿ ಚಿಕ್ಕ ಕೋಲು ಹಿಡಿದು ತಾನೂ ಹಾಗೇ ನಿಂತದ್ದು ಪರಮೇಶನಿಗೆ ನೆನಪಾಯಿತು. ಹಾಗಾದರೆ ಅಪ್ಪನ ಕಾಲು? ಕುತೂಹಲ ತಡೆಯಲಾರದೆ ಅಂದೇ ಹುನ್ನೂರಿಗೆ ಓಡಿದ.

"ಅಪ್ಪಾ, ಧೋತರ ಒಂದೀಟು ಮ್ಯಾಲೆತ್ತು."

"ತಲಿ ಕೆಟ್ಟೈತೇನಲೇ?" ಎಂದು ಬೈಯುತ್ತಲೇ ಸಾಬಣ್ಣ ಎತ್ತಿದ. ಬಲಗಾಲಿನ ಮೀನಖಂಡ ಹುರಿಗಟ್ಟಿ ನಿಂತಿತ್ತು, ಎಡಗಾಲು ಬಡಕಲು. ಮುದುಕ ತನ್ನ ಕಾಲನ್ನು ತಾನೇ ಹೊಸದಾಗಿ ಕಂಡವನಂತೆ ನೋಡಿದ. ಆಮೇಲೆ ಮಗನ ಪ್ಯಾಂಟು ಮಡಚಿಸಿ ಅದನ್ನೂ ನೋಡಿದ.

ಎಡಗಾಲು ತುಂಬಲು ದಿನಗಳೇ ಉಳಿದಿರಲಿಲ್ಲ. ಭಾನುವಾರ ಪರಮೇಶ ವೇದಿಕೆಯ ಮೇಲೆ ಬೆನ್ನು ತಿರುಗಿಸಿದ. ಹೆಗಲ ಮೇಲಿಂದ ನೋಡಿದರೆ ತೀರ್ಪುಗಾರರು ಅಡ್ಡಡ್ಡ ತಲೆಯಾಡಿಸುತ್ತಿದ್ದರು. ಪದಕ ಹೋಯಿತೆಂದು ಅವನಿಗೆ ಅಲ್ಲೇ ತಿಳಿಯಿತು.

"ಒಂದು ಕಾಲ ಯಾರ ಕಡಿಂದೋ ಕಡಾ ತಂದಾನ!" ಯಾರೋ ಕೂಗಿದರು. ಜನ ಗೊಳ್ಳೆಂದು ನಕ್ಕರು.

ಆ ನಗುವಿನ ನಡುವೆ ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದ ಒಬ್ಬ ಮುದುಕ ಕೋಲೂರಿ ಎದ್ದುನಿಂತ. ಬರುತ್ತೇನೆಂದು ಆತ ಯಾರಿಗೂ ಹೇಳಿರಲಿಲ್ಲ.

"ಕಡಾ ಅಲ್ಲೋ ತಮ್ಮಾ," ಎಂದ ಸಾಬಣ್ಣ, ಎಲ್ಲರಿಗೂ ಕೇಳುವಂತೆ. "ಆ ಕಾಲು ನಂದು."