ವಸೂಲಿಗೆ ಮಾತ್ರ

ಶವದ ಪೆಟ್ಟಿಗೆ ಒಳಗೆ ಹೋಗದೆ ಸಿಕ್ಕಿಕೊಂಡಿದ್ದರಿಂದ ಬಾಗಿಲನ್ನೇ ಕಳಚುತ್ತಿದ್ದರು. ಒಬ್ಬ ತಿರುಪು ಬಿಚ್ಚುತ್ತಿದ್ದ, ಉಳಿದವರು ಅದೇ ನೆಪದಲ್ಲಿ ಕತ್ತು ಚಾಚಿ ಮನೆಯೊಳಗೆ ಕಣ್ಣಾಡಿಸುತ್ತಿದ್ದರು. ಸತ್ತವನು ಬ್ಯಾಂಕಿನ ಗುಮಾಸ್ತ. ಚೆಕ್ಕಿಗೆ ಸೀಲು ಹೊಡೆದೂ ಹೊಡೆದೂ ಓಣಿಯವರ ಬಾಯಲ್ಲಿ ಸೀಲಣ್ಣ ಆಗಿದ್ದವನು. ಅವನಿದ್ದಾಗ ಆ ಹೊಸ್ತಿಲು ತುಳಿಯದವರಿಗೆಲ್ಲ ಈಗ ಒಂದೇ ಕುತೂಹಲ: ಮುಳುಗಿದ ಬ್ಯಾಂಕಿನಿಂದ ಇವನು ಎಷ್ಟು ಬಾಚಿಕೊಂಡ?

ಕಂಡದ್ದು ಒಂದು ಮಂಚ, ಎರಡು ಕುರ್ಚಿ, ಮೊಳೆಗೆ ತಗುಲಿಸಿದ ಕೊಡೆ.

“ಏನೂ ಇಲ್ವಲ್ರೀ,” ಎಂದಳು ಹಾಲಿನಾಕೆ, ಕೊಂಚ ನಿರಾಸೆಯಿಂದಲೇ.

“ಕಣ್ಣಿಗೆ ಬೀಳೋ ಹಾಗೆ ಇಡ್ತಾರಾ ಯಾರಾದ್ರೂ?” ಔಷಧಿ ಅಂಗಡಿಯವನು ದನಿ ತಗ್ಗಿಸಿದ. “ಭಾರಿ ಘಾಟಿ ಆಸಾಮಿ ಅವನು.”

ಓಣಿಯವರಿಗೆ ಹೊಸ ಕತೆಯೇನೂ ಬೇಕಿರಲಿಲ್ಲ, ಹಳೆಯದೇ ಚೆನ್ನಾಗಿ ಮಾಗಿತ್ತು. ಬ್ಯಾಂಕು ಬಾಗಿಲು ಹಾಕಿದ ವಾರ ಸೀಲಣ್ಣನ ಮೇಜಿಗೆ ಎರಡು ದೊಡ್ಡ ಚೆಕ್ಕು ಬಂದಿದ್ದವು. ಒಂದು ಅವನ ಹೆಂಡತಿಯ ತಮ್ಮನದು, ಕಬ್ಬಿಣದಂಗಡಿಯವನದು. ಇನ್ನೊಂದು ಎದುರುಮನೆಯ ದರ್ಜಿಯದು. ಸೀಲಣ್ಣನ ಜೀವದ ಗೆಳೆಯ ಅವನು, ಅಪ್ಪನ ಜಾಗ ಮಾರಿದ್ದಕ್ಕೆ ಸಿಕ್ಕ ಚೆಕ್ಕು ಅದು. ಎರಡೂ ಬೇರೆ ಊರಿನ ಚೆಕ್ಕು, ಅಲ್ಲಿಂದ ಹಣ ತರಿಸಬೇಕು. ಭಾವಮೈದನ ಚೆಕ್ಕಿಗೆ ‘ವಸೂಲಿಗೆ ಮಾತ್ರ’ ಎಂಬ ಸೀಲು ಬಿತ್ತು, ದರ್ಜಿಯದಕ್ಕೆ ‘ಜಮಾ’ ಎಂಬ ಸೀಲು. ಬ್ಯಾಂಕು ಮುಳುಗಿದ ಮೇಲೆ ಕೋರ್ಟು ಹೇಳಿತು: ವಸೂಲಿಗೆಂದು ಕೊಟ್ಟ ಚೆಕ್ಕಿಗೆ ಬ್ಯಾಂಕು ಬರೀ ಆಳು, ಹಣ ಚೆಕ್ಕು ಕೊಟ್ಟವನದೇ, ಪೂರ್ತಿ ವಾಪಸ್ ಕೊಡಿ. ಜಮಾ ಆದದ್ದು ಬ್ಯಾಂಕಿನ ಹಣ. ಖಾತೆದಾರ ಹಣ ಕಳೆದುಕೊಂಡ ಉಳಿದವರ ಜೊತೆ ಸಾಲಿನಲ್ಲಿ ನಿಲ್ಲಲಿ. ಭಾವಮೈದ ಉಳಿದ, ದರ್ಜಿ ಮುಳುಗಿದ. ಸಂಶಯಕ್ಕೆ ಇನ್ನೇನು ಬೇಕು?

ಅಂದಿನಿಂದ ದರ್ಜಿ ಮಾತು ಬಿಟ್ಟಿದ್ದ. ಇವತ್ತು ಬಂದಿದ್ದನಾದರೂ ಗೇಟಿನಾಚೆಯೇ ನಿಂತಿದ್ದ. ಶವ ಒಯ್ಯುವ ವಾಹನ ಓಣಿಯೊಳಗೆ ಬರುವಂತಿರಲಿಲ್ಲ. ಪೆಟ್ಟಿಗೆ ಹೊರಲು ಮೂವರಷ್ಟೇ ಸಿಕ್ಕಿದ್ದರು. ಸೀಲಣ್ಣನ ಹೆಂಡತಿ ತಾನೇ ಗೇಟಿಗೆ ಬಂದಳು.

“ನೀವೂ ಹೆಗಲು ಕೊಡ್ಬೇಕು. ಅವರ ಆಸೆ ಅದೊಂದೇ ಇತ್ತು.”

“ಅತ್ತಿಗೆ, ನಿಮ್ಮ ಮುಖ ನೋಡಿ ಸುಮ್ಮನಿದ್ದೀನಿ. ನನ್ನ ಕುತ್ತಿಗೆ ಕುಯ್ದವನಿಗೆ ಹೆಗಲು ಬೇರೆ ಕೊಡ್ಬೇಕಾ? ಬ್ಯಾಂಕು ಮುಳುಗೋದು ಅವನಿಗೆ ಮೊದಲೇ ಗೊತ್ತಿತ್ತು. ತನ್ನವರನ್ನ ದಡ ಸೇರಿಸಿದ, ನನ್ನನ್ನ ನೀರಿಗೆ ತಳ್ಳಿದ. ಅಲ್ಲ ಅಂತ ಯಾರಾದ್ರೂ ಹೇಳ್ಲಿ ನೋಡೋಣ!”

ಕಬ್ಬಿಣದಂಗಡಿಯವನು ಜಗುಲಿಯಿಂದ ದಡಕ್ಕನೆ ಎದ್ದ.

“ದಡ ಸೇರಿಸಿದ್ನಾ? ನನ್ನನ್ನಾ? ಭಾವನಿಗೂ ನನಗೂ ಎಣ್ಣೆ ಸೀಗೇಕಾಯಿ. ನಾನೂ ಜಮಾ ಮಾಡು ಅಂತ ಗೋಗರೆದೆ ಕಣಯ್ಯ! ಜಮಾ ಆದ್ರೆ ಅವತ್ತೇ ದುಡ್ಡು ಕೈಗೆ. ವಸೂಲಿ ಅಂದ್ರೆ ಬರೋವರೆಗೂ ಕಾಯ್ತಾ ಕೂತ್ಕೋಬೇಕು.”

* * *

“ನಿನ್ನ ಹೋದ ಸಲದ ಚೆಕ್ಕು ವಾಪಸ್ ಬಂದಿತ್ತು. ಹಣ ಬಂದ ಮೇಲೆ ಬಾ,” ಎಂದಿದ್ದ ಸೀಲಣ್ಣ ಕಿಂಡಿಯಾಚೆಯಿಂದ, ತಲೆಯನ್ನೂ ಎತ್ತದೆ. ಸೀಲು ಠಪ್ಪನೆ ಬಿತ್ತು. ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಭಾವಮೈದ ಕೆಂಡಾಮಂಡಲವಾಗಿ, ಇನ್ನು ಅಕ್ಕನ ಮನೆಗೆ ಕಾಲಿಟ್ಟರೆ ಕೇಳು ಎಂದು ಕೂಗಿ ಹೊರಟುಹೋಗಿದ್ದ. ಕಾಲಿಟ್ಟದ್ದು ಇವತ್ತೇ.

* * *

“ಕತೆ ಚೆನ್ನಾಗಿ ಕಟ್ತೀಯ,” ಎಂದ ದರ್ಜಿ. “ಉಳಿದವನೂ ನೀನೇ, ಸಾಕ್ಷಿನೂ ನೀನೇ.”

ಔಷಧಿ ಅಂಗಡಿಯವನು ಹೌದೌದು ಎಂದು ತಲೆಯಾಡಿಸಿದ.

“ಅವನ ಮಾತು ಬೇಡ, ಬಿಡಿ,” ಎಂದಳು ಹೆಂಡತಿ. “ನಿಮ್ಮನ್ನೇ ಕೇಳ್ತೀನಿ. ಚೆಕ್ಕು ಕೊಟ್ಟ ಸಂಜೆಯೇ ನಿಮ್ಮನೆಗೆ ಹೊಸ ಹೊಲಿಗೆ ಮೆಷಿನ್ ಬಂತಲ್ಲ, ಆ ದುಡ್ಡು ಎಲ್ಲಿಂದ ಬಂತು?”

ದರ್ಜಿ ತಿರುಗಿ ಎದುರಿನ ತನ್ನ ಮನೆಯತ್ತ ನೋಡಿದ.

* * *

“ಗೆಳೆಯನನ್ನೂ ಕಾಯಿಸ್ತೀಯೇನೋ?” ಎಂದು ದರ್ಜಿ ಅಂದು ಕಿಂಡಿಗೆ ಮೊಣಕೈಯೂರಿ ಕಾಡಿದ್ದ. “ಇವತ್ತು ತರದಿದ್ರೆ ಆ ಮೆಷಿನ್ ಬೇರೆಯವರ ಪಾಲು. ಹಾಕೋ ಮಾರಾಯ, ಜಮಾ ಸೀಲು.”

“ಸಾಹೇಬರಿಗೆ ಗೊತ್ತಾದ್ರೆ ನನ್ನ ಕೆಲಸಕ್ಕೆ ಸಂಚಕಾರ ಕಣೋ,” ಎಂದು ಸೀಲಣ್ಣ ಅತ್ತಿತ್ತ ನೋಡಿ, ಬೇರೆ ಊರಿನ ಚೆಕ್ಕಿಗೆ ಯಾರಿಗೂ ಹಾಕದ ಸೀಲು ಹಾಕಿದ್ದ. ಮೆಷಿನ್ನಿಗೆ ಬೇಕಾದಷ್ಟು ನೋಟು ಕೊಡಿಸಿ, ಉಳಿದದ್ದು ಖಾತೆಯಲ್ಲಿ ಭದ್ರವಾಗಿರುತ್ತೆ ಹೋಗು ಎಂದಿದ್ದ. ಓಣಿಗೆ ಕತೆ ಹೇಳುವಾಗ ದರ್ಜಿ ಈ ಭಾಗವನ್ನು ಬಿಟ್ಟೇ ಹೇಳುತ್ತಿದ್ದ. ಬಿಟ್ಟೂ ಬಿಟ್ಟೂ ಕೊನೆಗೆ ಅವನಿಗೇ ಮರೆತಿತ್ತು.

* * *

“ಅವನ್ಯಾಕೆ ಹೇಳ್ಲಿಲ್ಲ?” ದರ್ಜಿ ಗೇಟಿನ ಸರಳು ಹಿಡಿದು ಕೇಳಿದ. “ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಅತ್ತಿಗೆ?”

“ಅದಕ್ಕೇ ನಾನೂ ಜಗಳ ಆಡಿದ್ದು. ‘ಕೈಯಾರೆ ಕಳ್ಕೊಂಡೆ ಅಂತ ಗೊತ್ತಾದ್ರೆ ಅವನು ಕೊರಗಿ ಸಾಯ್ತಾನೆ. ನನ್ನ ಬೈಕೊಂಡಾದ್ರೂ ಚೆನ್ನಾಗಿರ್ಲಿ ಬಿಡು’ ಅಂತಿದ್ರು. ನಮ್ಮ ಉಳಿತಾಯನೂ ಅದೇ ಬ್ಯಾಂಕಲ್ಲಿತ್ತು. ಮುಳುಗೋದು ಗೊತ್ತಿದ್ರೆ ಅಲ್ಲಿ ಬಿಡ್ತಿದ್ರಾ?”

“ಅದೂ ಒಂದು ನಾಟಕ ಇರಬಹುದು, ಯಾರಿಗೆ ಗೊತ್ತು,” ಎಂದು ಔಷಧಿ ಅಂಗಡಿಯವನು ಗೊಣಗಿದ. ಹಾಲಿನಾಕೆ ಅವನನ್ನು ದುರುಗುಟ್ಟಿ ನೋಡಿದಳು.

ದರ್ಜಿ ಯಾರ ಮುಖವನ್ನೂ ನೋಡದೆ ಒಳಗೆ ನಡೆದ. ಒಂದು ಮೂಲೆಗೆ ಹೆಗಲು ಕೊಟ್ಟ. ಪೆಟ್ಟಿಗೆ ಮೇಲೆದ್ದಿತು. ಎಡವಟ್ಟಾದದ್ದು ಆಗಲೇ: ಉಳಿದ ಮೂವರೂ ಎತ್ತರದವರು, ಅವನು ಕುಳ್ಳ. ಪೆಟ್ಟಿಗೆ ಅವನ ಕಡೆಗೆ ವಾಲಿತು. ಒಳಗಿದ್ದವನು ಅವನತ್ತ ಸರಿದದ್ದು ಎಲ್ಲರಿಗೂ ಕೇಳಿಸಿತು.

“ನೀನು ಬಿಡಯ್ಯ, ಬೇರೆ ಯಾರಾದ್ರೂ ಹಿಡೀಲಿ,” ಎಂದ ಕಬ್ಬಿಣದಂಗಡಿಯವನು.

“ಬಿಡಲ್ಲ.”

ವಾಹನ ನಿಂತಿದ್ದ ಓಣಿಯ ಕೊನೆಯವರೆಗೂ ದರ್ಜಿ ತುದಿಗಾಲಲ್ಲೇ ನಡೆದ.