ಗಂಜಿ ಸೀರೆಯ ಹಾಸಿಗೆ

ಗಂಗಾಂಬಿಕೆಗೆ ಬುದ್ಧಿ ಹೇಳಿ ಗೆದ್ದವರುಂಟೆ? ಹೊಲಿಯುವ ಮೊದಲು ಸೀರೆಗಳನ್ನು ಒಂದು ಸಲ ನೀರಿಗೆ ಹಾಕು ಎಂದು ಪಕ್ಕದ ಮನೆಯ ವನಜಮ್ಮ ಬಾಯಿ ನೋಯುವಷ್ಟು ಹೇಳಿದ್ದಳು. ಇವಳು ಕಿವಿಯ ಮೇಲೆ ಹಾಕಿಕೊಂಡರೆ ತಾನೆ! ಕೊಪ್ಪದ ಮನೆಯ ಜಗುಲಿಯಲ್ಲಿ ಕಾಲು ಚಾಚಿ ಕೂತು, ದಬ್ಬಣಕ್ಕೆ ದಾರ ಪೋಣಿಸುತ್ತ, "ಕರು ಮಲಗೋ ಹಾಸಿಗೆ ಮಾರಾಯ್ತಿ, ಅದಕ್ಕೆ ಒಗೆದು ಇಸ್ತ್ರಿ ಬೇರೆ ಮಾಡ್ಬೇಕಾ?" ಎಂದು ನಕ್ಕುಬಿಟ್ಟಳು.

ನಿಜವಾದ ಕಾರಣ ಬೇರೆ ಇತ್ತು. ಅವು ಅವಳ ಅವ್ವನ ಸೀರೆಗಳು. ಕಡಹಿನಬೈಲಿನ ತವರಿನಲ್ಲಿ ಅವ್ವ ಸೀರೆಗೆ ಗಂಜಿ ಹಾಕುತ್ತಾಳೆಂದರೆ ಮನೆಗೆಲ್ಲ ಗೊತ್ತಾಗುತ್ತಿತ್ತು. ಅನ್ನ ಬಸಿದ ಗಂಜಿಯನ್ನು ಸೋಸಿ, ಚಿಟಿಕೆ ಉಪ್ಪು ಉದುರಿಸಿ, ನೂಲಿನ ಸೀರೆ ಅದ್ದಿ, ಒಂದು ತುದಿ ತಾನು ಹಿಡಿದು ಇನ್ನೊಂದನ್ನು ಮಗಳ ಕೈಗೆ ಕೊಡುತ್ತಿದ್ದಳು. "ಗಟ್ಟಿ ಎಳಿಯೇ ಹುಡುಗಿ, ಉಂಡದ್ದೆಲ್ಲ ಎಲ್ಲಿಗೆ ಹೋಯ್ತು?" ಎಂದು ಗದರುವಳು. ಎಳೆದು ಎಳೆದು ಕೊನೆಗೆ ಇಬ್ಬರೂ ನಗುತ್ತ ಅಂಗಳದಲ್ಲಿ ಕೂತುಬಿಡುತ್ತಿದ್ದರು. ಅಂಥ ಸುಖ ಆಮೇಲೆ ಯಾವ ಕೆಲಸದಲ್ಲೂ ಸಿಗಲಿಲ್ಲ.

ಹಾಗೆ ಗಂಜಿ ಹಾಕಿ, ಮಡಿಸಿ, ಟ್ರಂಕಿಗೆ ಇಟ್ಟ ಮರುವಾರವೇ ಅವ್ವ ತೀರಿಕೊಂಡಳು. ಆ ಸೀರೆಗಳನ್ನು ಗಂಗಾಂಬಿಕೆ ಒಗೆಯಲೂ ಇಲ್ಲ, ಉಡಲೂ ಇಲ್ಲ. ನುಸಿಗುಳಿಗೆ ಹಾಕಿದರೆ ವಾಸನೆ ಕೆಡುತ್ತದೆಂದು ಅದನ್ನೂ ಹಾಕಲಿಲ್ಲ. ಒಮ್ಮೊಮ್ಮೆ ಟ್ರಂಕು ತೆಗೆದು ಕೈಯಾಡಿಸಿದರೆ ಬಟ್ಟೆ ಗರಗರ ಎನ್ನುವುದು. ಅವ್ವನ ಕೈಯ ಕೆಲಸ ಅಂತ ಉಳಿದದ್ದು ಅಷ್ಟೇ. ಆದರೆ ಎರಡು ಸಾವಿರದ ಆರರ ಹೊತ್ತಿಗೆ ಸೀರೆಗಳು ಮಡಿಕೆಯಲ್ಲೇ ಬಿರಿಯತೊಡಗಿದವು.

ಆ ವರ್ಷದ ಬೇಸಿಗೆಯಲ್ಲಿ ಅಡ್ಡಗದ್ದೆಯ ರಘುಪತಿ ಹಳೇ ಬಟ್ಟೆ ಕೇಳಿಕೊಂಡು ಬಂದ. ಗಾಡಿ ಬಡಿದು ಬಿದ್ದ ದನ, ತಬ್ಬಲಿ ಕರುಗಳನ್ನು ಹರಿಹರಪುರದ ದಾರಿಯ ಒಂದು ಹಾಳುಬಿದ್ದ ಅಕ್ಕಿಗಿರಣಿಯಲ್ಲಿ ಸಾಕುತ್ತಿದ್ದ ಪುಣ್ಯಾತ್ಮ. ಸಿಮೆಂಟು ನೆಲಕ್ಕೆ ಕರುಗಳ ಮಂಡಿ ಕಿತ್ತುಹೋಗುತ್ತಿದೆ ಎಂದ. ಟ್ರಂಕಿನಲ್ಲಿ ಪುಡಿಯಾಗುವ ಬದಲು ಇದಕ್ಕಾದರೂ ಆಗಲಿ ಎಂದು ಗಂಗಾಂಬಿಕೆ ಕೆಳಗೆ ಗೋಣಿ, ಮೇಲೆ ಸೀರೆಯ ಮಡಿಕೆ ಇಟ್ಟು ನಾಲ್ಕು ಹಾಸಿಗೆ ಹೊಲಿದಳು. ಗಂಜಿ ಮಾತ್ರ ಹಾಗೇ ಇರಬೇಕಿತ್ತು. ಯಾವಾಗ ಹೋದರೂ ಮುಟ್ಟಿ ನೋಡಬಹುದಲ್ಲ ಎಂಬ ಆಸೆ.

ಹಾಸಿಗೆ ಕಳಿಸಿದ ಮರುದಿನವೇ ರಘುಪತಿಯ ಫೋನು ಬಂತು. "ಗಂಗಕ್ಕ, ಎಂತ ಹಾಕಿದೀರಿ ಇದಕ್ಕೆ? ಕರು ಮಲಗ್ತಾ ಇಲ್ಲ, ಹಾಸಿಗೇನೇ ಮೇಯ್ತಾ ಇದಾವೆ!"

ಅಯ್ಯೋ ಶಿವನೇ! ಅಕ್ಕಿಯ ಗಂಜಿ, ಮೇಲೆ ಉಪ್ಪು. ಕರು ಬಿಟ್ಟೀತೆ? ಗಂಗಾಂಬಿಕೆ ವನಜಮ್ಮನನ್ನು ಎಳೆದುಕೊಂಡು ಸಿಕ್ಕ ಬಸ್ಸು ಹತ್ತಿದಳು. ಅವರು ಹೋಗುವಷ್ಟರಲ್ಲಿ ರಘುಪತಿ ಒಂದು ಕರುವಿನ ಬಾಯಿಂದ ಮೊಳದುದ್ದ ಸೆರಗನ್ನು ಎಳೆದು ತೆಗೆದಿದ್ದ. ನುಂಗಿದ್ದರೆ ಜೀವಕ್ಕೇ ಸಂಚಕಾರ.

"ಬೈಬೇಡ ಮಾರಾಯ, ತಪ್ಪು ನಂದೇ" ಎಂದು ಗಂಗಾಂಬಿಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ರಘುಪತಿಗೆ ಬೈಯಲು ಬಾಯಿ ಬರಲಿಲ್ಲ. "ಹಾಗಾದ್ರೆ ವಾಪಸ್ ತಗೊಂಡು ಹೋಗಿ ಗಂಗಕ್ಕ. ಅಮ್ಮನ ನೆನಪು, ತೊಳೆದು ಕಳ್ಕೊಳ್ಳೋದು ಬೇಡ. ನಾನು ಬೇರೆ ಎಂತಾದ್ರೂ ನೋಡ್ತೆ."

ಅವಳು ಕರುವಿನ ಮಂಡಿ ನೋಡಿದಳು. ಕೆಂಪಗೆ ಹಸಿಮಾಂಸ ಕಾಣುತ್ತಿತ್ತು. ಒಗೆಯುವ ಕಲ್ಲಿನ ಬಳಿ ಕೂತು ಒಂದೊಂದಾಗಿ ಮೂರು ಹಾಸಿಗೆ ತೊಳೆದಳು. ನಾಲ್ಕನೆಯದು ಅವ್ವ ಕೊನೆಗೆ ಗಂಜಿ ಹಾಕಿದ ಹಸಿರು ಸೀರೆ. ಅದನ್ನು ಯಾರಿಗೂ ಕಾಣದಂತೆ ಮಡಿಸಿ ಚೀಲಕ್ಕೆ ತುರುಕಿದಳು. ಇದೊಂದು ತನಗಿರಲಿ, ಇಷ್ಟು ಆಸೆಪಟ್ಟರೆ ಶಿವ ಮುನಿಯುತ್ತಾನೆಯೇ?

ಚುರುಗುಟ್ಟುವ ಬಿಸಿಲಿಗೆ ಹಾಸಿಗೆಗಳು ಸಂಜೆಯ ಹೊತ್ತಿಗೆ ಒಣಗಿದವು. ರಘುಪತಿ ಹಾಸಿದ. ಕರುಗಳು ಮೂಸಿದವು, ಬಾಯಿ ಹಾಕಲಿಲ್ಲ. ಒಂದು ಮುಂಗಾಲು ಮಡಿಸಿ ಮೆಲ್ಲಗೆ ಮಲಗಿತು. ಅದನ್ನು ನೋಡಿ ಇನ್ನೊಂದು, ಮತ್ತೊಂದು. ನಾಲ್ಕನೆಯದು, ಎಲ್ಲಕ್ಕಿಂತ ಸಣ್ಣದು, ಬರಿಯ ಸಿಮೆಂಟಿನ ಮೇಲೆ ಮಂಡಿ ಊರಲು ಹೋಗಿ, ನೋವಿಗೆ ಥಟ್ಟನೆ ಎದ್ದು ನಿಂತಿತು. ಮತ್ತೆ ಮಂಡಿ ಬಗ್ಗಿಸಿತು. ಮತ್ತೆ ಎದ್ದಿತು.

"ಕಡೇ ಬಸ್ಸಿಗೆ ಹೊತ್ತಾಯ್ತು, ನಡಿ" ಎಂದಳು ವನಜಮ್ಮ.

ಗಂಗಾಂಬಿಕೆ ನಡೆಯಲಿಲ್ಲ. ಚೀಲದಿಂದ ಹಸಿರು ಹಾಸಿಗೆ ತೆಗೆದು ಕೆನ್ನೆಗೊತ್ತಿಕೊಂಡಳು. ಅದು ಗರಗರ ಎಂದಿತು. ಕಣ್ಣು ತುಂಬಿ ಹರಿಯಿತು.

"ಅದೊಂದಾದ್ರೂ ಇಟ್ಕೊಳ್ಳೇ" ಎಂದಳು ವನಜಮ್ಮ, ತಾನೂ ಕಣ್ಣೊರೆಸಿಕೊಳ್ಳುತ್ತ.

"ನಾ ಇಟ್ಕೊಂಡು ಅದು ನಿಂತ್ಕೊಂಡೇ ಇರ್ಬೇಕಾ?" ಎಂದು ಗಂಗಾಂಬಿಕೆ ಕಲ್ಲಿನ ಕಡೆ ತಿರುಗಿದಳು. "ರಘುಪತಿ, ಇನ್ನೊಂದು ಬಕೆಟ್ ನೀರು ತಾ ಮಾರಾಯ."

ಹಾಸಿಗೆಯನ್ನು ನೀರಿಗೆ ಬಿಟ್ಟಳು. ಬಕೆಟ್ಟಿನಲ್ಲಿ ಗಂಜಿ ಬೆಳ್ಳಗೆ ಬಿಟ್ಟುಕೊಂಡಿತು. ಅವಳ ಕೈಯಲ್ಲಿ ಸೀರೆ ಮೆತ್ತಗಾಯಿತು.