ಲಕ್ಕಿ ಎಲೆಯ ಗುಣ

ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಕಟ್ಟಿದವರು ಭಾನುವಳ್ಳಿಯ ಕಮಲಕ್ಕನನ್ನು ಕಂಡಿರಲಿಲ್ಲ. ಎದೆಯ ಕ್ಯಾನ್ಸರಿಗೆ ದಾವಣಗೆರೆಯಲ್ಲಿ ನಡೆಯುತ್ತಿದ್ದ ಕಿಮೋವನ್ನು ಅರ್ಧಕ್ಕೇ ಬಿಟ್ಟು, ಆಕೆ ಬೇಲಿಯ ಲಕ್ಕಿ ಎಲೆ ಕುದಿಸಿ, ಅದರೊಳಗೆ ತನ್ನ ಬೆಳ್ಳಿ ಕಾಲುಂಗುರ ಹಾಕಿ, ಆ ಕಷಾಯವನ್ನು ಬೆಳಗ್ಗೆ ಸಂಜೆ ಕುಡಿಯುತ್ತಿದ್ದಳು. ಸುದ್ದಿ ತಿಳಿದ ಕೂಡಲೇ ಅಣ್ಣನ ಮಗಳು ನೇತ್ರಾವತಿ ಹರಿಹರಕ್ಕೆ ಬಂದು ಭಾನುವಳ್ಳಿಯ ಬಸ್ ಹಿಡಿದಳು. ದಾರಿಯುದ್ದಕ್ಕೂ ತನ್ನ ನಾಲಿಗೆಗೇ ಶಾಪ ಹಾಕಿದಳು.

ಹಾಕದೆ ಏನು ಮಾಡಿಯಾಳು? ದಾವಣಗೆರೆಯ ನಿಟ್ಟುವಳ್ಳಿಯ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಅವಳು ಡಾಕ್ಟರೇಟಿಗಾಗಿ ವರ್ಷಗಟ್ಟಲೆ ಮಾಡುತ್ತಿದ್ದ ಸಂಶೋಧನೆಯೇ ಅದು. ಬೆಳ್ಳಿಯ ಲವಣ ಕರಗಿಸಿದ ನೀರಿಗೆ ಲಕ್ಕಿ ಎಲೆಯ ರಸ ಬೆರೆಸಿದರೆ ನೀರು ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು ಅದರಲ್ಲಿ ಹುಟ್ಟುತ್ತವೆ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳು ಆ ಕಣ ಸೋಕಿ ಸತ್ತಿದ್ದವು. ತಟ್ಟೆಯಲ್ಲಿ ಮಾತ್ರ, ಇನ್ನೂ ಇಲಿಗೂ ಕೊಟ್ಟು ನೋಡಿರಲಿಲ್ಲ. ಯುಗಾದಿಗೆ ಬಂದಾಗ ಸಂಭ್ರಮದಲ್ಲಿ ಎಲೆ, ಬೆಳ್ಳಿ ಎರಡರ ಕತೆಯನ್ನೂ ಅತ್ತೆಗೆ ಹೇಳಿಬಿಟ್ಟಿದ್ದಳು:

"ನಮ್ಮ ಲಕ್ಕಿ ಎಲೆಯಾಗೆ ಕ್ಯಾನ್ಸರ್ ಕೊಲ್ಲೋ ಗುಣ ಐತೆ ಅತ್ತೆ."

ಅವಳು ಹೇಳಿದ್ದು ಎಲೆಯ ಗುಣ. ಕಮಲಕ್ಕನಿಗೆ ಕೇಳಿಸಿದ್ದು ರೋಗ ಗುಣವಾಗುತ್ತದೆ ಎಂದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಕಮಲಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿದ್ದಳು. ಮುಖ ಬತ್ತಿತ್ತು, ಕಂಕುಳಲ್ಲಿ ಬಾವು ಎದ್ದಿತ್ತು. ಆದರೂ ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡಳು. ಕಾಲುಂಗುರ ಕುದಿಸಿದರೆ ಅಂಥ ಕಣ ಹುಟ್ಟುವುದಿಲ್ಲ, ತಟ್ಟೆಯಲ್ಲಿ ಆದದ್ದು ಮೈಯೊಳಗೆ ಆಗುತ್ತದೆಂಬ ಖಾತ್ರಿಯಿಲ್ಲ ಎಂದು ನೇತ್ರಾವತಿ ಎಷ್ಟು ಬಿಡಿಸಿ ಹೇಳಿದರೂ ಆಕೆ ಜಗ್ಗಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದಳು.

"ಎಲೆಯಾಗೆ ಗುಣ ಐತೆ ಅಂದಿದ್ದು ಖರೆನೋ ಸುಳ್ಳೋ?"

ಖರೆ ಎಂದರೆ ಅತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

"ಸುಳ್ಳು ಅತ್ತೆ. ಡಾಕ್ಟರೇಟ್ ಸಿಗ್ಲಿ ಅಂತ ಬರ್ದಿದ್ದು."

ಕಮಲಕ್ಕ ಬೈಯಲಿಲ್ಲ. ಕಷಾಯವನ್ನು ಬಚ್ಚಲಿಗೆ ಚೆಲ್ಲಿ, ಸೀರೆ ಬದಲಿಸಿ ಹೊರಟಳು.

ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿದರು. ರೋಗ ಶ್ವಾಸಕೋಶಕ್ಕೂ ಬೆನ್ನುಮೂಳೆಗೂ ಹರಡಿತ್ತು. ಈ ಮೈ ಇನ್ನು ಕಿಮೋ ತಡೆಯುವುದಿಲ್ಲ, ನೋವಿಗೆ ಮಾತ್ರೆ ಕೊಡುತ್ತೇವೆ ಎಂದು ಡಾಕ್ಟರು ನೇತ್ರಾವತಿಯನ್ನು ಪಕ್ಕಕ್ಕೆ ಕರೆದು ಹೇಳಿದರು. ಬೆಂಚಿನ ಮೇಲೆ ಕೂತಿದ್ದ ಕಮಲಕ್ಕನಿಗೆ ಯಾರೂ ಹೇಳಬೇಕಾಗಲಿಲ್ಲ. ಹುಡುಗಿಯ ಮುಖ ನೋಡಿಯೇ ತಿಳಿದುಕೊಂಡಳು.

"ಸಾಯೋದು ನಂಗೆ ಮೊದ್ಲೇ ಗೊತ್ತಿತ್ತು," ಎಂದಳು. "ನನ್ನ ಹುಡುಗಿ ಕಂಡುಹಿಡಿದ ಔಷಧ ಕುಡ್ಕಂಡು ಸಾಯ್ತೀನಿ ಅಂತಿದ್ದೆ. ಅದನ್ನೂ ಕಸ್ಕಂಡ್ಯಲ್ಲ ತಾಯಿ."

ನೇತ್ರಾವತಿ ತಡೆಯಲಾರದೆ ಅತ್ತಳು. ಎಲೆಯಲ್ಲಿ ಗುಣವಿರುವುದು ಖರೆ, ಸುಳ್ಳು ಎಂದಿದ್ದೇ ಸುಳ್ಳು ಎಂದು ಆಕೆಯ ಕೈ ಹಿಡಿದು ಮತ್ತೆ ಮತ್ತೆ ಹೇಳಿದಳು. ಕಮಲಕ್ಕ ಹೂಂಗುಟ್ಟುತ್ತ ಅವಳ ಕಣ್ಣೊರೆಸಿದಳು. ಪಾಪ, ಹುಡುಗಿ ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡಳು.